ಸಾವಂತ್ರವ್ವನ ಕೈಗೆ ಕಟ್ಟಿದ ವಾಚು

ಪುಣೆಯ ಕೊಂಢವಾ ಬಡಾವಣೆಯ ಸಾವಂತ್ರವ್ವನಿಗೆ ವಾಚಿನ ಹಂಗು ಎಂದೂ ಇರಲಿಲ್ಲ. ಕುಕ್ಕರಿನ ಸೀಟಿ, ನಲ್ಲಿಯ ನೀರು, ಎದುರು ಮನೆಯವರ ಜಗಳ, ಇವುಗಳಿಂದಲೇ ಆಕೆಗೆ ಹೊತ್ತು ತಿಳಿಯುತ್ತಿತ್ತು. ವಾಚಿನ ಹುಚ್ಚೆಲ್ಲ ಗಂಡ ಅಪ್ಪಾಸಾಹೇಬರದು. ಫೌಜಿನಿಂದ ನಿವೃತ್ತರಾಗಿ ಬಂದವರು ಶಿವಾಜಿನಗರದಲ್ಲಿ ಸಣ್ಣ ಅಂಗಡಿ ಹಿಡಿದು, ಸೈನಿಕರು ಕಟ್ಟುವಂಥ ನೈಲಾನ್ ವಾಚ್ ಪಟ್ಟಿ ಮಾರುತ್ತಿದ್ದರು. ಗಿರಾಕಿಗಳಿಗೆ ಮರಾಠಿಯಲ್ಲಿ ಹೇಳಿದ ಪುರಾಣವನ್ನೇ ಮನೆಗೆ ಬಂದು ರೊಟ್ಟಿ ಮುರಿಯುತ್ತ ಕನ್ನಡದಲ್ಲಿ ಹೇಳುವರು.

“ಬ್ರಿಟಿಷ್ ಫೌಜಿನವರ ಉಪಾಯ ನೋಡ ಇದು. ಒಂದ ಪಟ್ಟಿ, ವಾಚಿನ ಎರಡೂ ತುದಿ ಕಡ್ಡಿ ಕೆಳಗ ಹಾಯ್ತದ. ಒಂದ ಕಡ್ಡಿ ಮುರದ್ರೂ ಇನ್ನೊಂದು ಹಿಡೀತದ. ಚರ್ಮದ್ದು ಬೆವರಿಗೆ ಕೊಳೀತದ, ಇದು ಸಬಕಾರ ಹಚ್ಚಿ ತೊಳದ್ರ ಮತ್ತ ಹೊಸಾದು!”

ಮೊದಲು ಬೂದು ಬಣ್ಣದ್ದೇ ಹೋಗುತ್ತಿತ್ತು, ಈಗ ಕಾಲೇಜಿನವರಿಗೆ ಅಂಗಿಗೊಂದು ಬಣ್ಣ ಬೇಕು. ಅಪ್ಪಾಸಾಹೇಬರು ಬೈಯುತ್ತಲೇ ಅವನ್ನೂ ಮಾರಿದರು.

ಹೋದ ವರ್ಷ ಲಕ್ವಾ ಹೊಡೆದು ಅವರ ಬಲಗೈ ಸೋತಿತು. ಮಾತು ಬಂತು, ನಡಿಗೆ ಬಂತು, ಬೆರಳು ಮಾತ್ರ ಹೇಳಿದ್ದು ಕೇಳಲಿಲ್ಲ. ಪಟ್ಟಿ ಪೋಣಿಸಲಾರದವನು ಪಟ್ಟಿ ಹೇಗೆ ಮಾರಿಯಾನು ಎಂದು ಅಂಗಡಿಗೆ ಬೀಗ ಬಿತ್ತು. ಹಿಸುಕಲು ಡಾಕ್ಟರು ಕೊಟ್ಟ ಚೆಂಡು ಮಂಚದ ಕೆಳಗೆ ಸೇರಿತು. “ಚೆಂಡಾಡಾಕ ನಾ ಏನ್ ಕೂಸೇನು?” ಸಾವಂತ್ರವ್ವ ವಾಚು ಕಟ್ಟಲು ಹೋದರೆ ಕೈ ಎಳೆದುಕೊಂಡರು. ಅನ್ನ ಕಲಸಿ ಕೊಟ್ಟರೆ ಉಣ್ಣುವ ಮನುಷ್ಯನಿಗೆ ವಾಚು ಕಟ್ಟಿಸಿಕೊಳ್ಳಲು ನಾಚಿಕೆ! ಗಂಡಸಿನ ಸೊಕ್ಕು ಎಲ್ಲೆಲ್ಲಿ ಮನೆ ಮಾಡಿರುತ್ತದೋ ದೇವರೇ ಬಲ್ಲ. ಅಷ್ಟರಲ್ಲಿ ಅಂಗಡಿಯ ಮಾಲೀಕ ಏಕನಾಥ ಬಂದು, ದಸರೆಯೊಳಗೆ ತೆರೆಯದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಹೇಳಿ ಹೋದ.

ಮರುದಿನ ಸಾವಂತ್ರವ್ವ ವಾಚನ್ನೂ ಪಟ್ಟಿಯನ್ನೂ ಬೇರೆ ಮಾಡಿ ಗಂಡನ ತೊಡೆಯ ಮೇಲಿಟ್ಟು, ಬಳೆ ಮೇಲೆ ಸರಿಸಿ ತನ್ನ ಕೈ ಚಾಚಿದಳು.

“ನಿಮ್ಮ ಗುಳಿಗಿ ಹೊತ್ತು ತಪ್ಪಾಕತ್ತದ. ಕಟ್ರಿ ನನಗ.”

“ನೀನ ಕಟ್ಕೋ.”

“ನನಗೆಲ್ಲಿ ಬರ್ತದರಿ?”

ಹಸಿ ಸುಳ್ಳು. ಪ್ರತಿ ಭಾನುವಾರ ಆ ಪಟ್ಟಿ ತೊಳೆದು, ಒಣಗಿಸಿ, ಪೋಣಿಸಿದವಳೇ ಅವಳು. ಆದರೆ ಸಹಾಯ ಬೇಡವೆನ್ನುವ ಅಪ್ಪಾಸಾಹೇಬರಿಗೆ ಕಲಿಸು ಎಂದರೆ ತಡೆಯಲಾಗುತ್ತಿರಲಿಲ್ಲ. ಎಡಗೈಯಲ್ಲಿ ವಾಚು ಹಿಡಿದು ಬಲಗೈಯಿಂದ ಪಟ್ಟಿ ತೂರಿಸಹೋದರು. ಜಾರಿತು. ಮತ್ತೆ ಜಾರಿತು. ಹಣೆಯಲ್ಲಿ ಬೆವರೊಡೆಯಿತು. ಸಾವಂತ್ರವ್ವ ಚಾಚಿದ ಕೈ ಹಿಂತೆಗೆಯಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಏಳಲಿಲ್ಲ. ಕೊನೆಗೆ ಪಟ್ಟಿ ಹೇಗೋ ಒಳಸೇರಿತು.

ಮರುದಿನ ನೋಡಿದರೆ ಪಟ್ಟಿ ಮತ್ತೆ ಬೇರೆ.

“ಯಾಕ ಬಿಚ್ಚಿದಿ?”

“ಹಿಟ್ಟ ಹತ್ತಿತ್ತರಿ, ತೊಳದೆ.”

ಇನ್ನೊಂದು ದಿನ ಅರಿಶಿನ, ಮತ್ತೊಂದು ದಿನ ಎಣ್ಣೆ. “ಇಂಥಾ ಹೊಲಸ ಹೆಣ್ಣಮಗಳ್ನ ನೋಡಿಲ್ಲ” ಎಂದು ಬೈಯುತ್ತ ಅವರು ದಿನವೂ ಪೋಣಿಸಿದರು. ಬೈಗುಳ ಕೇಳಿ ಇಷ್ಟು ಸಂತೋಷಪಟ್ಟ ಹೆಂಗಸು ಪುಣೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ದಸರೆ ಹತ್ತಿರವಾಗುವಾಗ ಒಂದು ಬೆಳಿಗ್ಗೆ ಪಟ್ಟಿ ಸರಕ್ಕನೆ ಎರಡೂ ಕಡ್ಡಿ ದಾಟಿ, ಬಕಲಿಗೆ ಸೇರಿ, ಬಾಲ ಮಡಚಿಕೊಂಡು ಕೂತಿತು. ಅಳು ತಡೆಯಲಾಗದೆ ಸಾವಂತ್ರವ್ವ ಒಗ್ಗರಣೆಯ ನೆಪ ಮಾಡಿ ಒಳಗೆ ಹೋದಳು.

ಅಂಗಡಿ ತೆರೆಯುವ ದಿನ ಅಪ್ಪಾಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲಲ್ಲಿ ನಿಂತು ತಾವೇ ವಾಚು ಕಟ್ಟಿಕೊಂಡರು. ಚೆನ್ನಾಗಿ ಬಿಗಿದಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಬಿಚ್ಚಿ ಹೆಂಡತಿಯ ಕೈಗಿಟ್ಟು ತಮ್ಮ ಮಣಿಕಟ್ಟು ಚಾಚಿದರು.

“ಸಾವಂತ್ರಿ, ನೀ ಕಟ್ಟು.”

“ಈಗ ನಿಮಗ ಬರ್ತದಲ್ಲರಿ?”

“ಬರ್ತದ. ಅದಕ್ಕ ಕಟ್ಟು ಅಂದೆ.”