ಮಾವಶಿಯ ಜೊತೆ ಹೋಗದ ಗುರುವಾರ

ಹೋದ ವಾರ ನಿಪ್ಪಾಣಿಯ ಹಳೆಯ ಓಣಿಯೊಂದರಲ್ಲಿ ಮನೆ ಮನೆ ಭೇಟಿಗೆ ಹೊರಟಿದ್ದೆ. ತಿರುವಿನಲ್ಲಿ ಘಾಟು ಮೂಗಿಗೆ ಬಡಿಯಿತು. ಯಾರೋ ಹಂಚಿನ ಮೇಲೆ ತಂಬಾಕು ಹುರಿಯುತ್ತಿದ್ದರು. ಕಪ್ಪಗಾಗುವವರೆಗೆ ಹುರಿದು, ಪುಡಿ ಮಾಡಿ, ಬೆಳಗ್ಗೆ ಎದ್ದ ಕೂಡಲೇ ಹಲ್ಲಿಗೆ ತಿಕ್ಕುವ ಮಿಸರಿ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಚಹಾಕ್ಕಿಂತ ಮೊದಲು ಅದು ಬೇಕು. ಕೆಮ್ಮುತ್ತ ಗೋಡೆ ಹಿಡಿದು ನಿಂತೆ. ಒಂದು ಗಳಿಗೆ ನಾನು ಆ ಓಣಿಯಲ್ಲಿ ಇರಲಿಲ್ಲ, ಮಾವಶಿಯ ಅಡುಗೆಮನೆಯ ಬಾಗಿಲಲ್ಲಿದ್ದೆ...

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನನಗೆ ಸಂಬಂಧಿಯಲ್ಲ. ಭೋಜ ಎಂಬ ಹಳ್ಳಿಯಿಂದ ಮದುವೆಯಾಗಿ ನಿಪ್ಪಾಣಿಗೆ ಬಂದಾಗ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ಮನೆಮಾತು ಮರಾಠಿ. ನನ್ನ ಜೊತೆ ಮಾತ್ರ ಅರ್ಧ ಕನ್ನಡ, ಅರ್ಧ ಮರಾಠಿ ಬೆರೆಸಿ ಮಾತಾಡುತ್ತಿದ್ದರು. ದಿನವಿಡೀ ಹೊಸ್ತಿಲ ಬಳಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುವವರು. ಬೆರಳು ನೋಡದೆ ಸುತ್ತುತ್ತಿದ್ದರು, ಕಣ್ಣೆಲ್ಲ ಓಣಿಯ ಮೇಲೆ.

ನಾನು ಮೊದಲ ಬಾರಿ ಬಸುರಿಯಾದಾಗ ನನ್ನ ಗಂಡ ಪುಣೆ ಕಡೆಗೆ ಲಾರಿ ಹೊಡೆಯುತ್ತಿದ್ದರು. ಅತ್ತೆಗೆ ಮೊಣಕಾಲು ನೋವು. ಆಗ ಪ್ರತಿ ತಪಾಸಣೆಗೂ ನನ್ನ ಜೊತೆ ಬಂದವರು ಮಾವಶಿ. ಅಂದಿನ ಬೀಡಿ ಅಷ್ಟು ಕಡಿಮೆಯಾಗುತ್ತಿತ್ತು, ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ. ಹೊರಗಿನ ಬೆಂಚಿನ ಮೇಲೆ ನನ್ನ ಚೀಲ ಹಿಡಿದು ಕೂತಿರುತ್ತಿದ್ದರು. ಒಳಗಿಂದ ಬಂದ ಕೂಡಲೇ, "ಕಾಯ್ ಮ್ಹಣಾಲಾ ಡಾಕ್ಟರ್? ಏನಂದ?" ಎಂದು ಕೇಳುತ್ತಿದ್ದರು. ನಾನು ಪೂರ್ತಿ ಹೇಳುವವರೆಗೆ ಬೆಂಚು ಬಿಟ್ಟು ಏಳುತ್ತಿರಲಿಲ್ಲ.

ಮುಂದೆ ನಾನು ಆಶಾ ಕಾರ್ಯಕರ್ತೆಯಾದೆ. ಆರೇಳು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ಬಾಯಿಯ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಬೀಡಿ ಸುತ್ತುವ, ಮಿಸರಿ ತಿಕ್ಕುವ ಹೆಂಗಸರನ್ನು ಕರೆತರುವುದು ನನ್ನ ಕೆಲಸ. ಯಾರೂ ಬರಲೊಲ್ಲರು. ಒಬ್ಬಳಿಗೆ ಸುತ್ತಿದ ಬೀಡಿ ಕಾರಖಾನೆಗೆ ಹಾಕಿ ಕೂಲಿ ತರುವ ದಿನ, ಇನ್ನೊಬ್ಬಳಿಗೆ ಗಂಡಸು ಡಾಕ್ಟರನ ಮುಂದೆ ಬಾಯಿ ತೆರೆಯಲು ನಾಚಿಕೆ, ಮತ್ತೊಬ್ಬಳಿಗೆ ರೋಗದ ಹೆಸರು ಕೇಳಿದರೇ ಭಯ. ಮಾವಶಿಯೂ ಎರಡು ಸಲ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕು ಕಳಿಸಿಬಿಟ್ಟರು. ಮೂರನೆಯ ಸಲ, "ನೀ ಮುಂದ ನಿಂತ್ರ ತೆರಿತೇನಿ" ಎಂದರು. ಶಾಲೆಯ ಕೋಣೆಯಲ್ಲಿ ನಡೆದ ಶಿಬಿರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬ್ಯಾಟರಿ ಹಿಡಿದು ನೋಡಿದರು. ಎಡಗಲ್ಲದ ಒಳಗೆ, ಮಿಸರಿ ಇಡುವ ಜಾಗದಲ್ಲೇ ಒಂದು ಬಿಳಿ ಕಲೆ.

"ಇದನ್ನ ದೊಡ್ಡ ದವಾಖಾನೆಯಲ್ಲಿ ತೋರಿಸಬೇಕು. ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡ್ತಾರೆ. ತಡ ಮಾಡಬೇಡಿ" ಎಂದರು ಡಾಕ್ಟರಮ್ಮ. ಅದನ್ನು ಅವರು ಮಾವಶಿಗಲ್ಲ, ನನ್ನ ಮುಖ ನೋಡಿ ಹೇಳಿದರು.

ದೊಡ್ಡ ದವಾಖಾನೆ ಎಂದರೆ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಮುಂದೆ ಹೋಗಬೇಕು. ಮಾವಶಿಯ ಮಗ ಇಚಲಕರಂಜಿಯ ಮಗ್ಗದಲ್ಲಿ ದುಡಿಯುತ್ತಿದ್ದ, ವಾರಕ್ಕೊಮ್ಮೆ ಬರುವವನು. ಸೊಸೆಯ ಮಡಿಲಲ್ಲಿ ಎಳೆಗೂಸು. ಮಾವಶಿ ಲೆಕ್ಕ ಹಾಕಿ, "ಬುಧವಾರ ಬೀಡಿ ಹಾಕಿಬಿಡತೇನಿ. ಗುರುವಾರ ಹೋಗೂಣು. ನೀ ಜೋಡಿ ಬರತಿ ನೋಡು ಪೋರಿ?" ಎಂದರು.

"ಬರತೇನ್ರಿ ಮಾವಶಿ" ಎಂದೆ.

ಬುಧವಾರ ಸಂಜೆ ಫೋನ್ ಬಂತು. ಮರುದಿನ ಬೆಳಗ್ಗೆ ಆಶಾ ಕಾರ್ಯಕರ್ತೆಯರಿಗೆಲ್ಲ ಸಭೆ. ಮಾವಶಿಯ ಮನೆಗೆ ಹೋಗಿ, ನಾಳೆ ನನಗೆ ಬರಲಾಗುವುದಿಲ್ಲ ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟೆ. ಯಾವ ವಿಭಾಗ, ಯಾರನ್ನು ಕಾಣಬೇಕು, ಏನು ತೊಂದರೆ, ಎಲ್ಲ ಬರೆದೆ. "ಇದನ್ನ ತೋರಸ್ರಿ, ಮುಂದಿಂದ ಎಲ್ಲಾ ಅವರ ಹೇಳತಾರ" ಎಂದೆ. ಮಾವಶಿಗೆ ಮರಾಠಿ ಅಕ್ಷರ ಅಷ್ಟಿಷ್ಟು ಓದಲು ಬರುತ್ತಿತ್ತು. ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಚೀಟಿಯನ್ನು ಸ್ವಲ್ಪ ಹೊತ್ತು ನೋಡಿ, "ಬರ್ ಬರ್, ಆತು" ಎಂದು ಮಡಚಿ ಇಟ್ಟುಕೊಂಡರು.

ಈಗ ಬರೆಯಲು ಕೈ ಹಿಂಜರಿಯುವ ಮಾತು ಇದೆ. ಆ ಗುರುವಾರ ಸಭೆ ಹನ್ನೊಂದಕ್ಕೇ ಮುಗಿಯಿತು. ಓಡಿ ಮನೆಗೆ ಬಂದಿದ್ದರೆ ಮಾವಶಿ ಇನ್ನೂ ಹೊರಟಿರುತ್ತಿರಲಿಲ್ಲ. ಹೊರಟಿದ್ದರೂ ನನಗೆ ಮುಂದಿನ ಬಸ್ಸು ಸಿಗುತ್ತಿತ್ತು. ನಾನು ಹೋಗಲಿಲ್ಲ. ಗೆಳತಿಯರೆಲ್ಲ ಹೈವೇ ಪಕ್ಕದ ಹೋಟೆಲಿಗೆ ಹೊರಟಿದ್ದರು, ನಾನೂ ಹೋದೆ. ಹೊರಗೆ ಮೇಜು ಹಾಕಿಸಿಕೊಂಡು ಮಿಸಳ ತಿಂದೆವು. ಬಹಳ ದಿನಗಳ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಎರಡು ದಿನ ಬಿಟ್ಟು ಗೋಡೆಯಾಚೆಯಿಂದ ಕೇಳಿದೆ, "ದವಾಖಾನಿಗೆ ಹೋಗಿದ್ರೇನ್ರಿ?"

"ಹೋಗಿದ್ದೆ, ಹೋಗಿದ್ದೆ."

ಅಷ್ಟೇ. ಡಾಕ್ಟರ್ ಏನಂದರು ಎಂದು ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ಒಂದು ದಿನದ ಕೆಲಸ ಹತ್ತುತ್ತದೆಂದು ಒಳಗೆಲ್ಲೋ ಅನ್ನಿಸಿತ್ತು. ತಪಾಸಣೆಯ ವಹಿಯಲ್ಲಿ ಮಾವಶಿಯ ಹೆಸರಿನ ಮುಂದೆ 'ದೊಡ್ಡ ಆಸ್ಪತ್ರೆಗೆ ಹೋಗಿದ್ದಾರೆ' ಎಂದು ಬರೆದು ಪುಟ ತಿರುವಿದೆ.

ಮಳೆಗಾಲ ಕಳೆಯಿತು, ಚಳಿಗಾಲ ಬಂತು. ಒಂದು ದಿನ ಮಾವಶಿ ಜೋಳದ ಭಾಕ್ರಿಯನ್ನು ಚಹಾದಲ್ಲಿ ನೆನೆಸಿ, ಕಿವುಚಿ ಕುಡಿಯುವುದನ್ನು ನೋಡಿದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. "ಆವತ್ತ ಏನಂದಿದ್ರ ಡಾಕ್ಟರ?" ಎಂದೆ. ಸೊಸೆ ಒಳಗಿಂದ ಚೀಟಿ ತಂದು ನನ್ನ ಕೈಗಿಟ್ಟಳು. ನನ್ನದೇ ಅಕ್ಷರ. ಅದರ ಮೇಲೆ ದವಾಖಾನೆಯ ಒಂದು ಸಹಿ ಇಲ್ಲ, ಠಸ್ಸೆ ಇಲ್ಲ.

ಮರುದಿನವೇ ಕರೆದುಕೊಂಡು ಹೊರಟೆ. ಆ ದಿನ ಏನಾಯಿತೆಂದು ಮಾವಶಿ ಬಸ್ಸಿನಲ್ಲಿ ತೊದಲುತ್ತ ಹೇಳಿದರು. ಮೊದಲು ತಪ್ಪು ಸಾಲಿನಲ್ಲಿ ನಿಂತರಂತೆ. ಸರತಿ ಬಂದಾಗ ಅದು ಕಣ್ಣಿನ ವಿಭಾಗ. ಅಲ್ಲಿಂದ ಕೇಳುತ್ತ ಕೇಳುತ್ತ ಬಾಯಿಯ ವಿಭಾಗ ಮುಟ್ಟಿದರೆ, ತುಣುಕು ತೆಗೆಯಲು ಮನೆಯವರು ಯಾರಾದರೂ ಜೊತೆಗಿರಬೇಕು, ನಾಳೆ ಕರೆದುಕೊಂಡು ಬನ್ನಿ ಎಂದರಂತೆ. ವಾಪಸು ಬಂದರು. ಮತ್ತೆ ಯಾರನ್ನು ಕೇಳುವುದು ಎಂದು ಸುಮ್ಮನಾದರು.

"ನನಗ ಹೇಳಬೇಕಿತ್ತಲ್ರಿ ಮಾವಶಿ."

"ನಿನಗ ಕೆಲಸ ಭಾಳ" ಎಂದರು. "ಆವತ್ತ ಹೋಗೂಮುಂದ ನಿನ್ನ ನೋಡಿದ್ನಿ, ಬಸ್ನ್ಯಾಗಿಂದ. ಹೋಟೆಲ್ ಮುಂದ ಕುಂತು ನಗಾಕತ್ತಿದ್ದಿ. ಛಲೋ ಕಾಣತಿದ್ದಿ."

ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು...

ಡಾಕ್ಟರರು ಬಾಯಿ ನೋಡಿ ಸಿಟ್ಟಾದರು. "ಇಷ್ಟ ದಿನ ಎಲ್ಲಿದ್ರಿ? ಯಾರೂ ಹೇಳಲಿಲ್ಲೇನು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾವಶಿ ಸೆರಗಿನ ಮರೆಯಿಂದ, "ಈ ಪೋರಿ ಹೇಳಿದ್ಲರಿ. ನನ್ನದ ತಪ್ಪು. ನಾನ ಬರಲಿಲ್ಲ" ಎಂದರು. ನಾನು ಅಲ್ಲೇ ನಿಂತಿದ್ದೆ. ಅಲ್ಲ, ಹಾಗಲ್ಲ ಎನ್ನಲು ಎರಡು ಮಾತು ಸಾಕಿತ್ತು. ಆಡಲಿಲ್ಲ.

ಮುಂದಿನದನ್ನು ಬೆಳೆಸುವುದಿಲ್ಲ. ದವಡೆಯ ಒಂದು ಭಾಗ ತೆಗೆದರು, ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಆ ತಿಂಗಳುಗಳಲ್ಲಿ ಒಂದು ದಿನವೂ ತಪ್ಪಿಸದೆ ಜೊತೆಗೆ ಹೋದೆ, ಬೆಂಚಿನ ಮೇಲೆ ಚೀಲ ಹಿಡಿದು ಕೂತೆ. ಮಾತು ಹೋದ ಮೇಲೂ ಮಾವಶಿ ಕೈಸನ್ನೆಯಲ್ಲಿ ಮೊದಲು ಕೇಳುತ್ತಿದ್ದುದು, ನೀನು ಉಂಡೆಯಾ ಎಂದು. ಮುಂದಿನ ಯುಗಾದಿಗೆ ಅವರು ಇರಲಿಲ್ಲ. ಓಣಿಯವರೆಲ್ಲ ಸೊಸೆಯ ಎದುರಿಗೆ, ಸ್ವಂತ ಮಗಳೂ ಇಷ್ಟು ಮಾಡುತ್ತಿರಲಿಲ್ಲ ಎಂದು ನನ್ನನ್ನು ಹೊಗಳಿದರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಅಂದಿನಿಂದ ನಾನು ಯಾರನ್ನೂ ಒಬ್ಬರೇ ಕಳಿಸಿಲ್ಲ. ಕಾರಖಾನೆಗೆ ಬೀಡಿ ಹಾಕಿದ ಮರುದಿನವನ್ನೇ ಗೊತ್ತು ಮಾಡುತ್ತೇನೆ. ನಾಲ್ಕೈದು ಹೆಂಗಸರನ್ನು ಕೂಡಿಸಿಕೊಂಡು ಹೋಗುತ್ತೇನೆ. ಡಾಕ್ಟರ್ ಹೇಳಿದ್ದನ್ನು ಅಲ್ಲೇ ಮರಾಠಿಯಲ್ಲಿ ತಿಳಿಸುತ್ತೇನೆ. ಮೇಲಿನವರು ಸಭೆಯಲ್ಲಿ ನನ್ನನ್ನು ತೋರಿಸಿ ಇವರಂತೆ ಕೆಲಸ ಮಾಡಿ ಎಂದಾಗ ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯ ಎಂದು ತಿಳಿದಿದ್ದಾರೆ.

ಮಿಸರಿಯ ಘಾಟು ಬಡಿದ ಮರುದಿನವೇ, ಮಾವಶಿಯಂತೆಯೇ ಮಿಸರಿ ತಿಕ್ಕುವ ಅವರ ಸೊಸೆಯನ್ನು ತಪಾಸಣೆಗೆ ಕರೆದುಕೊಂಡು ಹೋದೆ. ಬಾಯಲ್ಲಿ ಯಾವ ಕಲೆಯೂ ಇರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಕೇಳಿದಳು, "ಅಕ್ಕಾ, ಅತ್ತಿನೂ ಮದಲ ತೋರಿಸಿದ್ರ ಉಳೀತಿದ್ರೇನ್ರಿ?"

"ಉಳೀಬಹುದಿತ್ತು" ಎಂದೆ. ಆಮೇಲೆ ಎಲ್ಲ ಹೇಳಿದೆ. ಸಭೆ, ಹೋಟೆಲು, ಡಾಕ್ಟರರ ಮುಂದೆ ನಾನು ನುಂಗಿದ ಮಾತು, ಯಾವುದನ್ನೂ ಬಿಡಲಿಲ್ಲ. ನಿಪ್ಪಾಣಿ ಬಂತು. ಆಕೆ ನನಗಿಂತ ಮೊದಲೇ ಇಳಿದು ಹಿಂತಿರುಗಿ ನೋಡದೆ ನಡೆದುಬಿಟ್ಟಳು.

ಇಂದು ಬೆಳಗ್ಗೆ ಆಕೆಯೇ ನನ್ನ ಬಾಗಿಲಿಗೆ ಬಂದಳು. ಹಿಂದೆ ಆಕೆಯ ತವರಿನ ಕಡೆಯ ಇಬ್ಬರು ವಯಸ್ಸಾದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಆಕೆ ನನ್ನ ಮುಖ ನೋಡದೆ, "ಇವರನ್ನ ದವಾಖಾನಿಗೆ ಒಯ್ಯಬೇಕು. ಬರೇ ಚೀಟಿ ಕೊಟ್ಟ ಕಳಸಬ್ಯಾಡ್ರಿ" ಎಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಆ ಇಬ್ಬರಲ್ಲಿ ಹಿರಿಯಳಿಗೆ ನಡೆಯಲು ಕಷ್ಟವಿತ್ತು. ಆಕೆಯ ಚೀಲ ಈಸಿಕೊಂಡು ಚಪ್ಪಲಿ ಮೆಟ್ಟಿದೆ.