ಮಾತಾಡಿದವರ ಪಟ್ಟಿಯಲ್ಲಿ ಐದನೆಯ ಹೆಸರು

ನವೆಂಬರ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತೂಮುಕ್ಕಾಲು ಗಂಟೆ. ಹಾಜರಿದ್ದವರು: ನಾಲ್ಕು ಮತ್ತು ಐದನೆಯ ತರಗತಿಯ ಇಪ್ಪತ್ತೊಂದು ಮಕ್ಕಳು, ಪಕ್ಕದ ನಲಿ-ಕಲಿ ಕೋಣೆಯಲ್ಲಿ ಚಿಕ್ಕ ಮಕ್ಕಳ ಜೊತೆ ಸಹಶಿಕ್ಷಕಿ, ತಾಲೂಕಿನಿಂದ ತಿಂಗಳಿಗೊಮ್ಮೆ ಬರುವ ವಿಶೇಷ ಶಿಕ್ಷಕಿ, ಮತ್ತು ಮುಖ್ಯೋಪಾಧ್ಯಾಯಿನಿಯಾದ ನಾನು. ನನ್ನ ನಿವೃತ್ತಿಗೆ ಆರು ತಿಂಗಳು ಉಳಿದಿದ್ದವು.

ನಮ್ಮದು ಶೇಡಬಾಳದ ಆಚೆ ಕಬ್ಬಿನ ಹೊಲಗಳ ನಡುವೆ ಇದ್ದ ತೋಟದ ಶಾಲೆ. ಎರಡು ಕೋಣೆ, ಒಂದು ಪಡಸಾಲೆ. ಪಡಸಾಲೆಯ ಮೂಲೆಯಲ್ಲಿ ನನ್ನ ಮೇಜು. ಕೋಣೆಯ ಗೋಡೆಯ ಮೇಲೆ ನಾನೇ ಬರೆಸಿದ ಮೂರು ನಿಯಮಗಳಿದ್ದವು. ಎರಡನೆಯದು: ‘ಕೇಳಿದಾಗ ಮಾತ್ರ ಮಾತನಾಡಬೇಕು.’ ನಾನು ಕಲಿತ ಶಾಲೆಯಲ್ಲೂ ತರಬೇತಿ ಪಡೆದ ಕಾಲೇಜಿನಲ್ಲೂ ಇದೇ ನಿಯಮವಿತ್ತು. ಅದರಿಂದ ಯಾರಿಗಾದರೂ ಕೆಡುಕಾಗಬಹುದು ಎಂದು ನಾನು ಯೋಚಿಸಿರಲಿಲ್ಲ.

ಆ ದಿನ ನನ್ನ ಮುಂದೆ ಒಂದು ಮುಖ್ಯ ಕೆಲಸವಿತ್ತು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯ ಬಗ್ಗೆ ದೃಢೀಕರಣ ಪತ್ರ ಬರೆಯುವುದು. ಒಂದನೆಯ ತರಗತಿಗೆ ಸೇರಿದಾಗಿನಿಂದ ಆಕೆ ಶಾಲೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು. ಲೆಕ್ಕ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದಳು, ಅದೂ ಸರಿಯಾಗಿ. ತಪಾಸಣಾ ಶಿಬಿರದಲ್ಲಿ ಕಿವಿ ಚೆನ್ನಾಗಿಯೇ ಇದೆ ಎಂದಿದ್ದರು. ಮನೆಯಲ್ಲಿ ಮಾತಾಡುತ್ತಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ಮೂರು ವರ್ಷದ ಪ್ರಗತಿ ಪತ್ರಗಳಲ್ಲಿ ನಾನು ಬರೆದದ್ದು ಮಾತ್ರ ಒಂದೇ ವಾಕ್ಯ: ‘ಶಾಲೆಯಲ್ಲಿ ಮಾತನಾಡುವುದಿಲ್ಲ.’

ಆ ವಾಕ್ಯವನ್ನು ಆಕೆಯ ಅಪ್ಪ ಗಂಭೀರವಾಗಿ ತೆಗೆದುಕೊಂಡಿದ್ದ. ಕುರಿ ಸಾಕುವ, ಎರಡು ಎಕರೆ ಹೊಲವಿದ್ದ ಮನುಷ್ಯ. ದೂರದ ಪಟ್ಟಣದಲ್ಲಿ ಕಿವಿ ಕೇಳದ, ಮಾತು ಬಾರದ ಮಕ್ಕಳ ವಸತಿಶಾಲೆಯೊಂದಿತ್ತು. ಸಂಬಂಧಿಕರೊಬ್ಬರ ಮೂಲಕ ಅಲ್ಲಿ ಒಂದು ಸೀಟು ಹಿಡಿದಿದ್ದ. ಶನಿವಾರದೊಳಗೆ ನನ್ನ ಪತ್ರ ತಲುಪಿದರೆ ಒಂಬತ್ತು ವರ್ಷದ ಹುಡುಗಿ ಮನೆ ಬಿಟ್ಟು ಅಲ್ಲಿಗೆ ಹೋಗಬೇಕು. ಪತ್ರ ಒಯ್ಯಲು ಸಂಜೆ ನಾಲ್ಕಕ್ಕೆ ಬರುತ್ತೇನೆ ಎಂದು ಹೇಳಿಕಳಿಸಿದ್ದ.

ವಿಶೇಷ ಶಿಕ್ಷಕಿಗೆ ಇದು ಒಪ್ಪಿಗೆಯಿರಲಿಲ್ಲ.

“ಅಕ್ಕೋರ, ಕಿವಿ ಕೇಳೂ ಹುಡುಗೀನ ಅಲ್ಲಿ ಬಿಟ್ರ ಇದ್ದ ಮಾತೂ ಹೋಗತೈತ್ರಿ. ಕೆಲವು ಹುಡುಗೋರು ಮನ್ಯಾಗ ಮಾತಾಡ್ತಾವ, ಸಾಲ್ಯಾಗ ಆಡೂದಿಲ್ಲ. ತಡೀಬೇಕ್ರಿ.”

“ಮೂರು ವರ್ಷ ತಡದೇವಿ,” ಎಂದೆ. “ನಾ ಕಂಡದ್ದ ಬರೀತೀನಿ. ಕಾಣದ್ದ ಹೆಂಗ ಬರೀಲಿ?”

ಆಕೆ ತರಗತಿಗೆಂದು ತಾನು ಹಿಂದೆ ಕೊಟ್ಟಿದ್ದ ಸಾಮಗ್ರಿಗಳ ಚೀಲವನ್ನು ನೋಡಬೇಕು ಎಂದಳು. ಹನ್ನೊಂದೂವರೆಗೆ ಚೀಲ ತರಿಸಿ ಪಡಸಾಲೆಯ ಮೇಜಿನ ಮೇಲೆ ಸುರಿದೆವು. ನಗುವ, ಅಳುವ, ಸಿಟ್ಟಿನ ಮುಖಗಳ ಚಿತ್ರಗಳು. ಉಸುಕಿನ ಗಡಿಯಾರ, ಅದರ ಗಾಜು ಮೊದಲ ವಾರವೇ ಒಡೆದಿತ್ತು. ಎರಡು ಸೇರು ಜೋಳ ತುಂಬಿ ಹೊಲಿದ ಸಣ್ಣ ಚೀಲ. ಹತ್ತು ನಿಮಿಷವೂ ಕೂರದ ಒಬ್ಬ ಹುಡುಗನ ತೊಡೆಯ ಮೇಲೆ ಅದನ್ನಿಟ್ಟರೆ ಒಂದು ಪಾಠ ಮುಗಿಯುವವರೆಗೆ ಕೂರುತ್ತಿದ್ದ. ನಾನು ಅದನ್ನು ನಂಬಿರಲಿಲ್ಲ. ಆದರೆ ಅವನು ಕೂತಿದ್ದು ನಿಜ. ಮರಾಠಿ ಮನೆಮಾತಿನ ಮಕ್ಕಳಿಗಾಗಿ ಎರಡೂ ಭಾಷೆಯಲ್ಲಿ ಬರೆದ ಚಿತ್ರಪಟ್ಟಿಗಳಿದ್ದವು. ಕಬ್ಬು ಕಡಿಯಲು ಬಂದವರ ಮಕ್ಕಳು ಅವನ್ನು ಮುಟ್ಟಿ ಮುಟ್ಟಿ ಅಂಚು ಸವೆಸಿದ್ದರು. ಕೊನೆಗೆ ಹಸಿರು, ಹಳದಿ, ಕೆಂಪು ರಟ್ಟುಗಳು. ಗದ್ದಲ ಹೆಚ್ಚಾದರೆ ಮಾನಿಟರ್ ಹಳದಿ ರಟ್ಟು ತೋರಿಸಬೇಕು, ನಿಲ್ಲದಿದ್ದರೆ ಕೆಂಪು. ಮೊದಲು ನಮ್ಮಲ್ಲಿ ಬೇರೆ ಪದ್ಧತಿಯಿತ್ತು. ಶಿಕ್ಷಕರು ಹೊರಗೆ ಹೋದಾಗ ಮಾನಿಟರ್ ಹಲಗೆಯ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುವುದು, ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದೊಂದು ಗುಣಾಕಾರದ ಗುರುತು ಹಾಕುವುದು. ತರಬೇತಿಯಲ್ಲಿ ಬೇಡವೆಂದರು. ಜೂನ್‌ನಲ್ಲಿ ನಿಲ್ಲಿಸಿದೆವು.

ಸಾಮಗ್ರಿ ಎಣಿಸುವ ಭರದಲ್ಲಿ ನಾನು ಒಂದನ್ನು ಮರೆತಿದ್ದೆ. ರಟ್ಟುಗಳು ನಮ್ಮ ಮೇಜಿನ ಮೇಲಿದ್ದವು. ಕೋಣೆಯಲ್ಲಿ ಮಾನಿಟರ್ ಬರಿಗೈಯಲ್ಲಿ ನಿಂತಿದ್ದಳು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಒಳಗೆ ಹೋದೆ. ಹಲಗೆಯ ಬಲಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಐದು ಹೆಸರು. ಐದನೆಯದು ಆ ಹುಡುಗಿಯದು. ಮುಂದೆ ಎರಡು ಗುಣಾಕಾರದ ಗುರುತು.

ಇದು ಕುಚೇಷ್ಟೆ ಎಂದುಕೊಂಡೆ. ಮಾನಿಟರಳನ್ನು ಪಡಸಾಲೆಗೆ ಕರೆದೆ. ಐದನೆಯ ತರಗತಿಯವಳು, ಗಟ್ಟಿ ದನಿಯವಳು.

“ಆಕೀ ಹೆಸರ ಯಾಕ ಬರದಿ? ಚಾಷ್ಟಿ ಮಾಡ್ತಿಯೇನ?”

“ಚಾಷ್ಟಿ ಯಾಕ್ರಿ? ಆಕಿ ಮಾತಾಡಿದ್ಲು, ಬರದೆ.”

“ಏನಂದ್ಲು?”

ಮಾನಿಟರ್ ನೆಲ ನೋಡಿದಳು. “ಹೇಳಿದ್ರ ನನಗ ಬೈತೀರಿ.”

“ಹೇಳು.”

“‘ಎಲ್ಲಾರ್ಕಿಂತ ಹೆಚ್ಚ ಒದರಾಕಿ ನೀನ, ಮದ್ಲ ನಿನ್ನ ಹೆಸರ ಬರಕೋ’ ಅಂದ್ಲ್ರಿ. ಅದಕ್ಕ ಹೆಸರ ಬರದೆ. ‘ಬರೀ, ಅಂಜಿಕಿ ಏನ’ ಅಂದ್ಲು. ಒಂದ ಗುಣಾಕಾರ ಹಾಕಿದೆ. ‘ಗುಣಾಕಾರ ಸೊಟ್ಟ ಆಗೈತಿ’ ಅಂದ್ಲು. ಇನ್ನೊಂದ ಹಾಕಿದೆ.”

ವಿಶೇಷ ಶಿಕ್ಷಕಿ ಬಾಯಿಗೆ ಸೆರಗು ಹಿಡಿದು ಬೇರೆ ಕಡೆ ನೋಡಿದಳು.

“ಇದ ಮದಲನೇ ಸಲ ಮಾತಾಡಿದ್ದೇನ?” ಎಂದು ಕೇಳಿದೆ.

“ಇಲ್ರಿ. ದಿನಾ ಮಾತಾಡ್ತಾಳ್ರಿ. ನೀವ್ ಇದ್ದಾಗ ಆಡೂದಿಲ್ಲ, ನೀವ್ ಹೊರಗ ಹೋದ್ರ ಆಡ್ತಾಳ. ಎಲ್ಲಾರ್ಗೂ ಗೊತ್ತೈತ್ರಿ.”

“ಮತ್ತ ಇಷ್ಟ ದಿನಾ ಯಾರೂ ಯಾಕ ಹೇಳಿಲ್ಲ?”

“ನೀವ್ ಕೇಳಿಲ್ಲಲ್ರಿ,” ಎಂದಳು ಮಾನಿಟರ್. “ಕೇಳದ ಮಾತಾಡಬಾರ್ದಂತ ಗ್ವಾಡಿ ಮ್ಯಾಲ ಬರಿಸೀರಲ್ರಿ.”

ಆ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಮಾನಿಟರಳನ್ನು ಒಳಗೆ ಕಳಿಸಿದೆ. ಹಲಗೆ ಒರೆಸಬೇಡಿ ಎಂದು ಹೇಳಿದೆ. ಆ ಹುಡುಗಿಯನ್ನು ಕರೆಸಿ ಮಾತಾಡಿಸೋಣ ಎಂದು ಏಳುವಷ್ಟರಲ್ಲಿ ವಿಶೇಷ ಶಿಕ್ಷಕಿ ಕೈ ಅಡ್ಡ ಮಾಡಿದಳು.

“ಬ್ಯಾಡ್ರಿ ಅಕ್ಕೋರ. ನೀವ್ ಎದುರಿಗೆ ನಿಂತ್ರ ಮತ್ತ ಬಾಯಿ ಮುಚ್ಚತಾಳ.”

ನಾನು ಮತ್ತೆ ಕೂತೆ. ಪತ್ರದ ಹಾಳೆ ಖಾಲಿಯೇ ಉಳಿಯಿತು. ಊಟದ ಗಂಟೆ, ಆಮೇಲೆ ಕನ್ನಡ, ಆಮೇಲೆ ಪರಿಸರ ಅಧ್ಯಯನ, ಎಲ್ಲವೂ ವೇಳಾಪಟ್ಟಿಯಂತೆ ನಡೆದವು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅಪ್ಪ ಬಂದ. ಕರೆಯದಿದ್ದರೂ ಅಜ್ಜಿ ಜೊತೆಗಿದ್ದಳು. ಇಬ್ಬರನ್ನೂ ಹಲಗೆಯ ಮುಂದೆ ನಿಲ್ಲಿಸಿ ಆದದ್ದನ್ನು ಹೇಳಿದೆ. ಅಪ್ಪನಿಗೆ ಓದು ಬರುತ್ತಿತ್ತು. ಹೆಸರನ್ನೂ ಎರಡು ಗುರುತುಗಳನ್ನೂ ಬಹಳ ಹೊತ್ತು ನೋಡಿದ.

“ಹಲಗಿ ಮ್ಯಾಲ ಏನರ ಬರೀಬಹುದ್ರಿ,” ಎಂದ. “ಈಗ ಸೀಟ ಬಿಟ್ಟು, ಮುಂದ ಆಕಿ ಮತ್ತ ಮಾತಾಡ್ಲಿಲ್ಲಂದ್ರ?”

ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದ ಮಾನಿಟರ್ ಬಾಗಿಲಲ್ಲೇ ನಿಂತಳು. “ಕಾಕಾ, ನಾ ಸುಳ್ಳ ಬರಿಯಂಗಿಲ್ಲ. ನಮ್ಮ ತಮ್ಮನ ಹೆಸರೂ ಬರದೇನಿ, ನೋಡ್ರಿ, ಎರಡನೇದು.”

ಅಜ್ಜಿ ಹೆಸರನ್ನು ಓದಲಾರಳು. ಯಾವುದು ಎಂದು ಕೇಳಿ, ತೋರಿಸಿದ ಮೇಲೆ ಹತ್ತಿರ ಹೋಗಿ ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು.

“ಹೆಸರ ಬಂದವ್ರಿಗೆ ಶಿಕ್ಷಾ ಏನ್ರಿ, ಬಾಯಾರ?”

ಮೊದಲಿನ ಪದ್ಧತಿಯಲ್ಲಿ ಒಂದು ಹೆಸರಿಗೆ ಎರಡು ತಂಬಿಗೆ ನೀರು ತಂದು ಗಿಡಗಳಿಗೆ ಹಾಕಬೇಕಿತ್ತು, ಒಂದು ಗುರುತಿಗೆ ಇನ್ನೊಂದು ತಂಬಿಗೆ. ಅದನ್ನು ಹೇಳಿ, ಇವತ್ತು ಎಲ್ಲರನ್ನೂ ಬಿಟ್ಟಿದ್ದೇವೆ ಎಂದೆ.

“ಹಂಗ ಬಿಡಬ್ಯಾಡ್ರಿ. ಉಳಿದವ್ರಿಗೆ ಹಾಕ್ರಿ, ಇಕೀಗೂ ನಾಕ ತಂಬಿಗಿ ಹಾಕ್ರಿ. ಬಿಟ್ರ ನಾಳೆ ಮಂದಿ ಸುಳ್ಳ ಬರದಿದ್ರು ಅಂತಾರ.” ಆಮೇಲೆ ಮಗನಿಗೆ ಹೇಳಿದಳು: “ಮನ್ಯಾಗ ಮಾತಾಡಿದ್ರ ಬಾಯಿ ಮುಚ್ಚ ಅಂತಿ. ಸಾಲ್ಯಾಗ ಮುಚ್ಚಿದ್ರ ಊರ ಬಿಡಸ್ತಿ. ಆ ಕೂಸು ಎಲ್ಲಿ ಮಾತಾಡಬೇಕಲೇ?”

ಅಜ್ಜಿಯ ವಾದ ಕ್ರಮಬದ್ಧವಾಗಿತ್ತು. ಐವರನ್ನೂ ಕರೆದು ಶಿಕ್ಷೆ ಹೇಳಿದೆ. ಆ ಹುಡುಗಿ ಎಂದಿನಂತೆ ತಲೆಯಾಡಿಸಿದಳು, ಮಾತಾಡಲಿಲ್ಲ. ತಂಬಿಗೆ ಎಣಿಸುವ ಕೆಲಸ ಮಾನಿಟರಳದು. ನಾನು ನಲಿ-ಕಲಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂತೆ. ಮೂವತ್ತೇಳು ವರ್ಷದ ಸೇವೆಯಲ್ಲಿ ಮಕ್ಕಳು ಕೆಲಸ ಮಾಡುವಾಗ ನಾನು ಬೇಕೆಂದೇ ಮರೆಗೆ ಹೋದದ್ದು ಅದೇ ಮೊದಲು. ಅಪ್ಪ ನೀರಿನ ಟಾಕಿಯ ಹಿಂದೆ ನಿಂತ. ನನಗೆ ಕೇಳಿಸಿದ್ದು ನಳದ ಸದ್ದು ಮತ್ತು ಮಾನಿಟರಳ ಎಣಿಕೆ ಮಾತ್ರ. ಎರಡು ಸಲ ಆ ಎಣಿಕೆ ನಡುವೆ ನಿಂತಿತು. ಯಾಕೆ ನಿಂತಿತು ಎಂದು ಎದ್ದು ನೋಡಲಿಲ್ಲ.

ಹದಿನೈದು ನಿಮಿಷದ ಮೇಲೆ ಅಪ್ಪ ಒಳಗೆ ಬಂದ. ಒಂದು ಕಾಲಿನ ಚಪ್ಪಲಿ ಒದ್ದೆಯಾಗಿತ್ತು.

“ನಮ್ಮಾಕಿ ಆ ಮಾನಿಟರ್ ಹುಡುಗಿ ಕೂಡ ಜಗಳಾ ಹಚ್ಯಾಳ್ರಿ. ಮೂರ ತಂಬಿಗೀನ ನಾಕ ಅಂತಾಳ. ಆಕಿ ಮೂರ ಅಂತಾಳ, ಇಕಿ ನಾಕ ಅಂತಾಳ.”

“ಯಾವದ ಖರೇ?”

“ಮೂರ್ರಿ,” ಎಂದ. “ನಮ್ಮಾಕಿದ ಸುಳ್ಳ.” ಆಮೇಲೆ, “ಪತ್ರಾ ಬ್ಯಾರೆ ನಮೂನಿ ಬರೀರಿ, ಅಕ್ಕೋರ,” ಎಂದ.

ಮೇಜಿಗೆ ಬಂದು ಬರೆದೆ. ‘ಸದರಿ ವಿದ್ಯಾರ್ಥಿನಿಯು ಶಾಲೆಯಲ್ಲಿ ಸಹಪಾಠಿಗಳ ಜೊತೆ ಮಾತನಾಡುತ್ತಾಳೆ. ಮುಖ್ಯೋಪಾಧ್ಯಾಯಿನಿಯ ಎದುರು ಮಾತನಾಡುವುದಿಲ್ಲ. ಪಾಲಕರು ಈಕೆಯನ್ನು ಇದೇ ಶಾಲೆಯಲ್ಲಿ ಮುಂದುವರಿಸಲು ಇಚ್ಛಿಸಿರುವುದರಿಂದ ತಮ್ಮಲ್ಲಿಯ ಸೀಟು ಬೇಕಾಗಿಲ್ಲ.’ ಎರಡನೆಯ ವಾಕ್ಯ ಬಿಟ್ಟರೂ ನಡೆಯುತ್ತದೆ ಎಂದಳು ವಿಶೇಷ ಶಿಕ್ಷಕಿ. ನನ್ನ ನಂತರ ಬರುವವರು ಈ ಪತ್ರದ ಪ್ರತಿಯನ್ನು ಓದುತ್ತಾರೆ, ಅವರಿಗೆ ಅದು ತಿಳಿದಿರಬೇಕು ಎಂದೆ. ಅಪ್ಪ ಸಹಿ ಮಾಡಿದ, ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಆಕೆಯದು ಬೇಕಿರಲಿಲ್ಲ, ಆದರೂ ಒತ್ತಿದಳು. ಶಾಲೆಯಿಂದ ಹೊರಹೋಗುವ ಪತ್ರಗಳ ಜಾವಕ ವಹಿಯಲ್ಲಿ ಕ್ರಮಸಂಖ್ಯೆ, ದಿನಾಂಕ, ವಿಷಯ ಬರೆದೆ. ಲಕೋಟೆ ಅಂಟಿಸಿ, ಮೇಲೆ ಶಾಲೆಯ ಮೊಹರು ಹಾಕಿ, ನಾಲ್ಕೂ ಐವತ್ತಕ್ಕೆ ಅಪ್ಪನ ಕೈಗೆ ಕೊಟ್ಟೆ.