ಐವತ್ತೆಂಟು ತಲೆಗಳ ಗಾಳಿ ನೋಡುವ ವರ್ನ್

ಗುರುವಾರ ಬೆಳಗಿನ ಐದೂಕಾಲು. ಮಾರ್ವಾ ಲಿಂಡ್‌ಹೋಮ್ ಅವರ ಮಾಂಸದಂಗಡಿಯ ಹಿಂಭಾಗದಲ್ಲಿ ಚರ್ಮ ಸುಲಿದ ಹನ್ನೊಂದು ಜಿಂಕೆಗಳು ಕೊಕ್ಕೆಗಳಿಗೆ ನೇತುಬಿದ್ದಿವೆ. ಅವುಗಳ ನಡುವೆ ನಾಲ್ವರು ದೈತ್ಯ ಹುಡುಗರು ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಸರದಿಗೆ ಕಾಯುತ್ತಿದ್ದಾರೆ. ಅದರಾಚೆಗಿನ ಸಣ್ಣ ಕೋಣೆ ಮಾಂಸ ಹೆಪ್ಪುಗಟ್ಟಿಸುವ ಫ್ರೀಜರ್. ಅದರ ಬಾಗಿಲಿಗೆ ಮರದ ತುಂಡೊಂದನ್ನು ಒರಗಿಸಿ, ಎರಡು ಬೆರಳಿನಷ್ಟು ಸಂದು ಬಿಟ್ಟು, ಒಳಗೆ ದಾರದಲ್ಲಿ ತೂಗಿಬಿಟ್ಟ ಥರ್ಮಾಮೀಟರನ್ನು ಒಬ್ಬ ಗಿಡ್ಡ ಮನುಷ್ಯ ಇಣುಕಿ ನೋಡುತ್ತಿದ್ದಾರೆ. ಮರದ ತುಂಡನ್ನು ಕಾಲಿನಿಂದ ಒಂದಿಷ್ಟು ಒಳಗೆ ತಳ್ಳುತ್ತಾರೆ. ಮತ್ತೆ ಇಣುಕುತ್ತಾರೆ.

"ಹದಿನೆಂಟು," ಎನ್ನುತ್ತಾರೆ. "ಬನ್ನಿ ಒಳಗೆ. ಬಾಗಿಲು ಪೂರ್ತಿ ತೆಗೀಬೇಡಿ, ನನ್ನ ಚಳಿ ಓಡಿಹೋಗತ್ತೆ."

"ಪಾಪ್ಸ್, ನಮ್ಮನ್ನೂ ಈ ಜಿಂಕೆಗಳ ಜೊತೆ ನೇತಾಕ್ತೀರಾ ಹೆಂಗೆ?" ಎಂದು ಮುನ್ನೂರ ಹತ್ತು ಪೌಂಡಿನ ಹುಡುಗನೊಬ್ಬ ಕೇಳುತ್ತಾನೆ.

"ನಿನ್ನನ್ನ ತಡೆಯೋ ಕೊಕ್ಕೆ ನನ್ನ ಅಂಗಡೀಲಿಲ್ಲ ಕಣೋ," ಎಂದು ಮಾರ್ವಾ ಕತ್ತಿ ಮಸೆಯುತ್ತಲೇ ಆಚೆಯಿಂದ ಕೂಗುತ್ತಾರೆ. "ವರ್ನ್, ಏಳು ಗಂಟೆಗೆ ನನಗೆ ಗಿರಾಕಿಗಳು ಬರ್ತಾರೆ. ಅಷ್ಟರೊಳಗೆ ಈ ದನಗಳನ್ನೆಲ್ಲ ಹೊಡ್ಕೊಂಡು ಹೋಗು."

ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್ ಅಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ವಯೋಮಿಂಗ್‌ನ ಸ್ಟಾರ್ಕ್ ಪಾಸ್‌ನಲ್ಲಿ ಇರುತ್ತದೆಂದು ಹವಾಮಾನದವರು ಹೇಳಿರುವ ಚಳಿಯೂ ಅಷ್ಟೇ. ಆ ಚಳಿಯನ್ನು ಎರಡು ದಿನ ಮೊದಲೇ ನಮ್ಮೂರಿನ ಮಾಂಸದಂಗಡಿಯಲ್ಲಿ ಹುಟ್ಟಿಸಿ, ಅದರಲ್ಲಿ ನಮ್ಮ ಹುಡುಗರ ಹೆಲ್ಮೆಟ್‌ಗಳನ್ನು ತಲೆಗೆ ಸರಿಹೊಂದಿಸುತ್ತಿರುವ ಈ ಅರವತ್ತಮೂರು ವರ್ಷದ ಮನುಷ್ಯನ ಹೆಸರು ವರ್ನ್ ಕುಚೆರಾ, ಹುಡುಗರ ಬಾಯಲ್ಲಿ 'ಪಾಪ್ಸ್'. ಪ್ಲಮ್ ಫೋರ್ಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಸಾಮಾನುಗಳೆಲ್ಲ ಇವರ ಸುಪರ್ದಿನಲ್ಲಿವೆ.

ಶನಿವಾರದ ಪಂದ್ಯದ ಬಗ್ಗೆ ಊರಲ್ಲಿ ಮಾತಾಡದವರಿಲ್ಲ. ನಮ್ಮ ಹುಡುಗರು ಒಂಬತ್ತರಲ್ಲಿ ಏಳು ಗೆದ್ದಿದ್ದಾರೆ. ಸ್ಟಾರ್ಕ್ ಪಾಸ್ ಒಂಬತ್ತಕ್ಕೆ ಒಂಬತ್ತು ಗೆದ್ದಿದೆ. ಇಡೀ ಋತುವಿನಲ್ಲಿ ಎದುರಾಳಿಗಳೆಲ್ಲ ಸೇರಿ ಅದರ ಮೇಲೆ ಗಳಿಸಿದ್ದು ಅರವತ್ತೊಂದೇ ಪಾಯಿಂಟು. ಅವರ ಗ್ರೇಡಿ ಶಾಂಕ್ಸ್, ತೊಂಬತ್ತನಾಲ್ಕನೇ ನಂಬರಿನವನು, ಚೆಂಡು ಎಸೆಯಲು ನಿಂತ ಕ್ವಾರ್ಟರ್‌ಬ್ಯಾಕ್‌ಗಳನ್ನು ಈ ವರ್ಷ ಹದಿನಾಲ್ಕು ಸಲ ನೆಲಕ್ಕೆ ಕೆಡವಿದ್ದಾನೆ. ಗೆದ್ದವರು ರಾಷ್ಟ್ರಮಟ್ಟದ ಸುತ್ತಿಗೆ ಹೋಗುತ್ತಾರೆ. ನಾವು ಅಲ್ಲಿಗೆ ಹೋಗಿ ಮೂವತ್ತೊಂದು ವರ್ಷವಾಯಿತು. ಬೇಕರಿಯ ಬೆಂಚಿನ ಮೇಲೆ ಕೂತ ಮುದುಕರು ಶಾಂಕ್ಸ್‌ನನ್ನು ತಡೆಯುವುದು ಹೇಗೆಂದು ಕಾಫಿ ಆರುವವರೆಗೆ ವಾದಿಸುತ್ತಾರೆ. ಹೆಲ್ಮೆಟ್ಟಿನ ಗಾಳಿಯ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಅದರ ಬಗ್ಗೆ ನಿದ್ದೆಗೆಟ್ಟಿರುವವರು ವರ್ನ್ ಒಬ್ಬರೇ.

ಹೆಲ್ಮೆಟ್ಟಿನ ಗಟ್ಟಿ ಚಿಪ್ಪಿನೊಳಗೆ, ತಲೆಯ ಸುತ್ತ, ಸಣ್ಣ ಸಣ್ಣ ಗಾಳಿಚೀಲಗಳಿರುತ್ತವೆ. ಹೊರಗಿನ ತೂತಿನಿಂದ ಸೂಜಿ ತೂರಿಸಿ, ಕೈಪಂಪಿನಿಂದ ಗಾಳಿ ತುಂಬಿದರೆ ಹೆಲ್ಮೆಟ್ ತಲೆಯನ್ನು ಅಪ್ಪಿಕೊಳ್ಳುತ್ತದೆ. ವರ್ನ್ ಅವರ ಸೂಜಿ ಹಳೆಯ ಬೂಟಿನ ದಾರದಲ್ಲಿ ಅವರ ಕೊರಳಿಗೆ ಜೋತುಬಿದ್ದಿದೆ. ಅವರು ಹುಡುಗನ ಮುಖಕ್ಕೆ ಅಡ್ಡವಿರುವ ಹೆಲ್ಮೆಟ್ಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಎಳೆಯುತ್ತಾರೆ, ಬಲಕ್ಕೆ ಎಳೆಯುತ್ತಾರೆ, ಕೆಳಕ್ಕೆ ಜಗ್ಗುತ್ತಾರೆ. ಕಣ್ಣು ಮಾತ್ರ ಹುಡುಗನ ಹಣೆಯ ಮೇಲೆ. ಹಣೆಯ ಚರ್ಮ ಹೆಲ್ಮೆಟ್ಟಿನ ಜೊತೆಗೇ ಜರುಗಬೇಕು. ಹೆಲ್ಮೆಟ್ ಮಾತ್ರ ಜಾರಿ ಚರ್ಮ ಇದ್ದಲ್ಲೇ ಇದ್ದರೆ ಗಾಳಿ ಸಾಲದು. ಪಂಪು ಎರಡು ಸಲ ಉಸಿರಾಡುತ್ತದೆ. ಆಮೇಲೆ ಹತ್ತು ನಿಮಿಷ ಅಲ್ಲೇ ನಿಲ್ಲಿಸುತ್ತಾರೆ. ತಲೆಯ ಬಿಸಿಗೆ ಗಾಳಿ ಒಂದಿಷ್ಟು ಹಿಗ್ಗುತ್ತದೆ, ಅದನ್ನೂ ನೋಡಬೇಕು. ಮತ್ತೆ ಎಳೆತ, ಮತ್ತೆ ಹಣೆ. ಶನಿವಾರದ ಪಂದ್ಯಕ್ಕೆ ಬಸ್ಸು ಹತ್ತುವವರು ಐವತ್ತೆಂಟು ಜನ. ಒಂದು ಸಲಕ್ಕೆ ನಾಲ್ವರಂತೆ ಇದು ಮೂರನೆಯ ಬೆಳಗು.

ವರ್ನ್ ಅವರ ಮಾಮೂಲಿ ದಿನ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ನೆಲಮಾಳಿಗೆಯಲ್ಲಿ ನಾಲ್ಕೂವರೆಗೆ ಶುರುವಾಗುತ್ತದೆ. ನಾಲ್ಕು ಹೊರೆ ಬಟ್ಟೆ ಒಗೆಯಬೇಕು. ಕೆಸರು ಮೆತ್ತಿದ ಬೂಟುಗಳ ಮೊಳೆ ಬಿಗಿಮಾಡಬೇಕು. ಹೆಲ್ಮೆಟ್‌ಗಳ ತಿರುಪುಗಳನ್ನು ವಾರಕ್ಕೊಮ್ಮೆ ಒಂದೊಂದಾಗಿ ಮುಟ್ಟಿನೋಡಬೇಕು. ಪಂದ್ಯದ ಮರುದಿನ ಎದುರಾಳಿಯ ಬಣ್ಣ ನಮ್ಮ ಬಿಳಿ ಹೆಲ್ಮೆಟ್ಟಿಗೆ ಮೆತ್ತಿಕೊಂಡಿರುತ್ತದೆ. ಅದನ್ನು ಉಜ್ಜಿ ತೆಗೆಯುವುದೇ ಭಾನುವಾರದ ಅರ್ಧ ದಿನದ ಕೆಲಸ. ಇಪ್ಪತ್ತೆರಡು ವರ್ಷದಿಂದ ಹೀಗೇ. ಒಂದು ಪಂದ್ಯವನ್ನೂ ಅವರು ಪೂರ್ತಿ ನೋಡಿಲ್ಲ. ಜನ ಚೆಂಡು ನೋಡುತ್ತಿರುವಾಗ ಇವರ ಕಣ್ಣು ಗದ್ದದ ಪಟ್ಟಿಗಳ ಮೇಲಿರುತ್ತದೆ.

ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಹೆದ್ದಾರಿಯ ಪಕ್ಕದ ಟೈರ್ ಅಂಗಡಿಯಲ್ಲಿದ್ದರು. ಕಳೆದ ವರ್ಷ ಇದೇ ಸ್ಟಾರ್ಕ್ ಪಾಸ್ ಎದುರು ಸೋತ ಕತೆ ಹೇಳುವಾಗ ಅವರು ಶುರುಮಾಡುವುದು ಅಲ್ಲಿಂದಲೇ.

"ಹತ್ತೊಂಬತ್ತು ವರ್ಷ, ನವೆಂಬರ್ ಬಂತು ಅಂದ್ರೆ ಸಾಕು, ಬಂದ ರೈತರಿಗೆಲ್ಲ ಒಂದೇ ಮಾತು ಹೇಳ್ತಿದ್ದೆ. ಚಳಿ ಬಂತಪ್ಪ, ಟೈರ್ ಗಾಳಿ ಇಳಿಯತ್ತೆ, ನೋಡ್ಕೊಳ್ಳಿ ಅಂತ. ಯಾರಿಗ್ ಬೇಕಾದ್ರೂ ಕೇಳಿ. ಅಂಥ ನಾನೇ..."

ಮುಂದಿನ ಹುಡುಗನ ಹೆಲ್ಮೆಟ್ ಕೈಗೆತ್ತಿಕೊಳ್ಳುತ್ತಾರೆ.

ನಡೆದದ್ದು ಇಷ್ಟು. ನಮ್ಮೂರಿರುವುದು ಸಮುದ್ರಮಟ್ಟದಿಂದ ಸಾವಿರದ ಮುನ್ನೂರು ಅಡಿ ಎತ್ತರದಲ್ಲಿ. ಸ್ಟಾರ್ಕ್ ಪಾಸ್ ಇರುವುದು ಏಳು ಸಾವಿರದ ಮೇಲೆ. ಅಷ್ಟು ಮೇಲೆ ಹೋದಾಗ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ, ಚೀಲದೊಳಗಿನ ಗಾಳಿ ಹಿಗ್ಗುತ್ತದೆ. ಹೆಲ್ಮೆಟ್ ತಲೆಯನ್ನು ಹಿಂಡುತ್ತದೆ. ಕಳೆದ ವರ್ಷ ನವೆಂಬರಿನಲ್ಲಿ, ಪಂದ್ಯದ ಹಿಂದಿನ ಶುಕ್ರವಾರ, ಅಲ್ಲಿ ಹೊರಗೆ ಹಿಮ ಬಿದ್ದಿತ್ತು. ಹಾಗಾಗಿ ಹುಡುಗರ ಲಘು ಅಭ್ಯಾಸ ಬೆಚ್ಚಗಿನ ಒಳಾಂಗಣದಲ್ಲಿ ನಡೆಯಿತು. ಬೆಚ್ಚಗಿದ್ದಷ್ಟೂ ಗಾಳಿ ಹಿಗ್ಗುತ್ತದೆ. ಹುಡುಗರು ಒಬ್ಬೊಬ್ಬರಾಗಿ ಬಂದರು. ಪಾಪ್ಸ್, ತಲೆ ಸಿಡೀತಿದೆ. ಪಾಪ್ಸ್, ಸ್ವಲ್ಪ ಗಾಳಿ ಬಿಡಿ. ವರ್ನ್ ನಲವತ್ತು ಹೆಲ್ಮೆಟ್ಟುಗಳ ಗಾಳಿ ಬಿಟ್ಟರು. ಮರುದಿನ ಬೆಳಿಗ್ಗೆ ಮತ್ತೆ ಪರೀಕ್ಷಿಸಿದರು, ಅದೂ ಹೀಟರ್ ಉರಿಯುತ್ತಿದ್ದ ಕೋಣೆಯಲ್ಲಿ. ಎಲ್ಲವೂ ಸರಿಯಾಗಿತ್ತು.

ಮೈದಾನದಲ್ಲಿ ಹದಿನಾಲ್ಕು ಡಿಗ್ರಿ. ಬೆಟ್ಟ ಹಿಗ್ಗಿಸಿದ್ದರಲ್ಲಿ ಅರ್ಧದಷ್ಟನ್ನು ಚಳಿಯೇ ಕುಗ್ಗಿಸುತ್ತಿತ್ತು. ವರ್ನ್ ಕೈ ಹಾಕದಿದ್ದರೆ ಒಂದಿಷ್ಟು ಬಿಗಿಯಾಗಿಯೇ ಉಳಿದಿರುತ್ತಿತ್ತು. ಆದರೆ ಬಿಟ್ಟ ಗಾಳಿಯ ಜೊತೆಗೆ ಚಳಿಗೆ ಕುಗ್ಗಿದ್ದೂ ಸೇರಿ ಹೆಲ್ಮೆಟ್ಟುಗಳು ಸಡಿಲವಾದವು.

"ಮೂರನೇ ಕ್ವಾರ್ಟರ್‌ನಲ್ಲೇ ಡಾಸನ್ ಹೆಲ್ಮೆಟ್ ಹಣೆ ಮೇಲೆ ಜಾರ್ತಾ ಇತ್ತು. ನಾನು ನೋಡ್ದೆ. ನೋಡ್ಲಿಲ್ಲ ಅಂತ ಹೇಳಲ್ಲ. ಮುಂದಿನ ಸಲ ಈಚೆ ಬಂದಾಗ ಎರಡು ಪಂಪು ಹೊಡೆಯೋಣ ಅಂದ್ಕೊಂಡೆ. ಈಚೆ ಬಂದಾಗ ಕೋಚ್ ಅವನ ಹತ್ರ ಮಾತಾಡ್ತಾ ಇದ್ರು. ಮಧ್ಯೆ ಹೋಗೋಕೆ ನಾಚಿಕೆ ಆಯ್ತು."

ಡಾಸನ್ ಟ್ರೂಪ್ ನಮ್ಮ ಕ್ವಾರ್ಟರ್‌ಬ್ಯಾಕ್. ಪಂದ್ಯ ಮುಗಿಯಲು ಹತ್ತೊಂಬತ್ತು ಸೆಕೆಂಡು ಇದ್ದಾಗ, ಐದು ಪಾಯಿಂಟ್ ಹಿಂದಿದ್ದ ನಾವು, ದಾಟಿದರೆ ಆರು ಪಾಯಿಂಟು ಸಿಗುವ ಗೆರೆಯಿಂದ ಆರು ಗಜ ದೂರದಲ್ಲಿದ್ದೆವು. ಡಾಸನ್ ತಾನೇ ಚೆಂಡು ಹಿಡಿದು ನುಗ್ಗಿದ. ಎರಡು ಗಜ ಉಳಿದಿರುವಾಗ ಅವನನ್ನು ಕೆಡವಿದರು. ಅವನಿಗಿಂತ ಮೊದಲು ಅವನ ಹೆಲ್ಮೆಟ್ ನೆಲ ಮುಟ್ಟಿ, ಹಿಮದ ಮೇಲೆ ಉರುಳುತ್ತಾ ಹೋಯಿತು. ಹೆಲ್ಮೆಟ್ ಕಳಚಿದ ಆಟಗಾರ ಚೆಂಡು ಮುಂದೊಯ್ಯುವ ಮುಂದಿನ ಒಂದು ಸರದಿಗೆ ಹೊರಗಿರಬೇಕು ಎಂಬುದು ನಿಯಮ. ಉಳಿದಿದ್ದೂ ಅಂಥ ಒಂದೇ ಸರದಿ. ಬದಲಿಗೆ ಬಂದ ಹೊಸ ಹುಡುಗನ ಮರಗಟ್ಟಿದ ಬೆರಳುಗಳಿಂದ ಚೆಂಡು ಜಾರಿತು.

ಪತ್ರಿಕೆಗಳು ದುರದೃಷ್ಟ ಎಂದು ಬರೆದವು. ವಾಪಸು ಬರುವಾಗ ಬಸ್ಸಿನಲ್ಲಿ ವರ್ನ್ ಕೋಚ್ ಬಳಿ ಹೋಗಿ ತಾನು ಮಾಡಿದ್ದನ್ನು ಹೇಳಿದರಂತೆ. ಕೋಚ್, "ಪಟ್ಟಿಯ ಗುಂಡಿ ಬಿಚ್ಕೊಂಡಿರತ್ತೆ ಬಿಡು, ವರ್ನ್," ಅಂದರಂತೆ.

"ಗುಂಡಿ ಬಿಚ್ಕೊಂಡಿರ್ಲಿಲ್ಲ," ಎನ್ನುತ್ತಾರೆ ವರ್ನ್. "ನಾಲ್ಕಕ್ಕೆ ನಾಲ್ಕೂ ಗಟ್ಟಿಯಾಗಿದ್ವು. ಆ ಹೆಲ್ಮೆಟ್ ನಾನೇ ಎತ್ಕೊಂಡ್ ಬಂದಿದ್ದು. ಸೋತಿದ್ದು ಹಾಳಾಗ್ಲಿ, ಮುಂದಿನ ವರ್ಷ ಗೆಲ್ಲಬಹುದು. ಆದ್ರೆ ಆ ಶಾಂಕ್ಸ್ ಹುಡುಗನ ಮಂಡಿ ಡಾಸನ್‌ನ ಬರಿ ತಲೆ ಪಕ್ಕದಲ್ಲೇ ನೆಲಕ್ಕೆ ಬಡೀತು. ಇಷ್ಟೇ." ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ತೋರಿಸುತ್ತಾರೆ. ಒಂದು ಗೇಣು.

ಡಾಸನ್‌ನ ತಾಯಿ ಪ್ರತಿ ಡಿಸೆಂಬರಿನಲ್ಲಿ ವರ್ನ್ ಮನೆಗೆ ಬೀಟ್‌ರೂಟ್ ಉಪ್ಪಿನಕಾಯಿಯ ಜಾಡಿಯೊಂದನ್ನು ಕಳುಹಿಸುತ್ತಾರೆ. ಕಳೆದ ಡಿಸೆಂಬರಿನಲ್ಲೂ ಕಳುಹಿಸಿದರು. "ಬೈದು ಒಂದು ಕಾಗದ ಬರೆದಿದ್ರೆ ಎಷ್ಟೋ ವಾಸಿ ಇತ್ತು," ಎನ್ನುತ್ತಾರೆ ವರ್ನ್. ಆ ಜಾಡಿಯ ಮುಚ್ಚಳ ಇನ್ನೂ ತೆಗೆದಿಲ್ಲ.

ಕೊನೆಯ ನಾಲ್ವರಲ್ಲಿ ಡಾಸನ್ ಇದ್ದಾನೆ. ಈ ವರ್ಷ ಅವನ ಓದು ಮುಗಿಯುತ್ತದೆ. ಸ್ಟಾರ್ಕ್ ಪಾಸ್ ಎದುರು ಅವನಿಗೆ ಇದೇ ಕೊನೆಯ ಆಟ. ಫ್ರೀಜರಿನಲ್ಲಿ ಅವನ ಉಸಿರು ಕಂಬಿಗಳ ನಡುವೆ ಹೊಗೆಯಾಗಿ ಬರುತ್ತಿದೆ. ಉಳಿದವರಿಗೆ ಎರಡು ಸಲ ಎಳೆದು ನೋಡುವ ವರ್ನ್ ಇವನಿಗೆ ಆರು ಸಲ ಎಳೆಯುತ್ತಾರೆ.

"ಪಾಪ್ಸ್, ನನ್ನ ಕತ್ತೇ ಕಿತ್ತು ಬರತ್ತೆ."

"ಕತ್ತು ಬಂದ್ರೆ ಬರ್ಲಿ, ಹೆಲ್ಮೆಟ್ ಬರಬಾರ್ದು. ಹೇಗಿದೆ?"

"ಸರಿಯಾಗಿದೆ."

"ನೆನಪಿಟ್ಕೋ ಮಗನೇ. ಚಳೀಲಿ ಸರಿ ಇರೋದು ಹೀಗಿರತ್ತೆ. ನಾಳೆ ಆ ಬೆಟ್ಟದ ಮೇಲೆ, ಬಿಸಿ ಕೋಣೇಲಿ, ಇದೇ ಹೆಲ್ಮೆಟ್ ನಿನ್ನ ತಲೇನ ವಾಲ್‌ನಟ್ ಥರ ಒಡೆಯತ್ತೆ. ಆಗ ನನ್ನ ಹತ್ರ ಬರಬೇಡ. ಶನಿವಾರ ಹನ್ನೊಂದೂವರೆಗೆ, ಮೈದಾನದಲ್ಲಿ, ಬಯಲಲ್ಲಿ ನಿಂತು ನೋಡ್ತೀನಿ. ಬೆಟ್ಟ, ಚಳಿ ಎರಡೂ ಅಲ್ಲೇ ಇರ್ತವೆ. ಅಲ್ಲೀವರೆಗೆ ಇಲ್ಲ."

ಡಾಸನ್ ಹೆಲ್ಮೆಟ್ ತೆಗೆಯುತ್ತಾನೆ. ಹಣೆಯ ಮೇಲೆ ಕೆಂಪು ಗೆರೆ ಮೂಡಿದೆ. "ಹೋದ್ ಸಲ ಗಾಳಿ ಬಿಡಿ ಅಂತ ಕೇಳಿದ್ದು ನಾನೇ, ಪಾಪ್ಸ್."

"ನೀನು ಹುಡುಗ, ಕೇಳ್ತೀಯ. ಬಿಟ್ಟಿದ್ದು ನಾನು."

ಆಚೆಯಿಂದ ಮಾರ್ವಾ, "ಏಳಾಗ್ತಾ ಬಂತು!" ಎಂದು ಕೂಗುತ್ತಾರೆ.

ಹುಡುಗರು ಹೋದ ಮೇಲೆ ವರ್ನ್ ಹೇಳಿದ ಮಾತಿನಲ್ಲಿ ಅವರ ಈ ವಾರದ ದಿಗಿಲೆಲ್ಲ ಇದೆ. ಅವರಿಗೆ ಭಯವಿರುವುದು ಬೆಟ್ಟದ್ದಲ್ಲ, ಚಳಿಯದೂ ಅಲ್ಲ. "ಅವೆರಡೂ ಲೆಕ್ಕಕ್ಕೆ ಸಿಗ್ತವೆ. ನಂಗೆ ನನ್ನದೇ ಭಯ. ಹುಡುಗರು ತಲೆ ನೋವು ಅಂತ ಎದುರಿಗೆ ನಿಂತ್ರೆ ನನ್ನ ಕೈ ತಾನಾಗೇ ಸೂಜಿಗೆ ಹೋಗತ್ತೆ. ಇಪ್ಪತ್ತೆರಡು ವರ್ಷದಲ್ಲಿ ಈ ಹುಡುಗರಿಗೆ ಇಲ್ಲ ಅಂದಿದ್ದು ನಂಗೆ ನೆನಪಿಲ್ಲ. ಬರೀ ಐವತ್ತೆಂಟು ಸಲ ಇಲ್ಲ ಅನ್ನಬೇಕು. ಆಗತ್ತೋ ಇಲ್ವೋ ಗೊತ್ತಿಲ್ಲ."

ಶುಕ್ರವಾರ ಬೆಳಗಿನ ಐದೂಮುಕ್ಕಾಲು. ಕ್ರೀಡಾಂಗಣದ ಮುಂದೆ ಬಸ್ಸು ಗುರುಗುಡುತ್ತಿದೆ. ಮುಂದಿರುವುದು ಐನೂರ ಇಪ್ಪತ್ತು ಮೈಲಿ. ಬೇಕರಿಯವರು ಕಳುಹಿಸಿದ ಒಣ ಪ್ಲಮ್ ಹಣ್ಣಿನ ಹೂರಣ ತುಂಬಿದ ಕೊಲಾಚಿ ಬನ್ನುಗಳ ಡಬ್ಬಗಳು ಮುಂದಿನ ಸೀಟಿನಲ್ಲಿವೆ. ಯಾರೂ ಅವನ್ನು ಮುಟ್ಟಿಲ್ಲ. ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಖಾಲಿಯಾಗಿರುತ್ತಿದ್ದವು. ಹುಡುಗರು ಟೋಪಿ ಕಿವಿಗೆಳೆದುಕೊಂಡು ಹತ್ತುತ್ತಾರೆ.

ವರ್ನ್ ಹೆಲ್ಮೆಟ್ ಪೆಟ್ಟಿಗೆಗಳನ್ನು ಬಸ್ಸಿನ ಹೊಟ್ಟೆಯೊಳಗೆ ತಳ್ಳುತ್ತಾರೆ. ಒಂದು, ಎರಡು, ಎಂದು ಹನ್ನೆರಡರವರೆಗೆ ಎಣಿಸಿ, ಮತ್ತೆ ಹನ್ನೆರಡರಿಂದ ಒಂದಕ್ಕೆ ಎಣಿಸುತ್ತಾರೆ. ಆಮೇಲೆ ಕೊರಳಿನಿಂದ ಬೂಟಿನ ದಾರ ತೆಗೆಯುತ್ತಾರೆ. ಸೂಜಿ, ಕೈಪಂಪು, ಪೆಟ್ಟಿಗೆಯಲ್ಲಿದ್ದ ಇನ್ನೆರಡು ಸೂಜಿ, ಎಲ್ಲವನ್ನೂ ಒಂದು ತಗಡಿನ ಡಬ್ಬಿಗೆ ಹಾಕಿ ಬೀಗ ಜಡಿಯುತ್ತಾರೆ. ಬೀಗದ ಕೈಯನ್ನು ಚಾಲಕ ಹ್ಯಾಲ್ ಬ್ರುನ್‌ಸ್ವಿಗ್ ಅವರ ಅಂಗೈಯಲ್ಲಿಡುತ್ತಾರೆ.

"ಶನಿವಾರ ಹನ್ನೊಂದೂವರೆಗೆ ಕೊಡು. ಅಲ್ಲೀವರೆಗೆ ನಾನೇ ಬಂದು ಕೇಳಿದ್ರೂ ಕೊಡಬೇಡ."

"ಅತ್ತರೆ?" ಎಂದು ಹ್ಯಾಲ್ ಕೇಳುತ್ತಾರೆ.

"ಅತ್ತರೂ ಕೊಡಬೇಡ."

"ಅಲ್ಲ ಮಾರಾಯ, ಇಪ್ಪತ್ತೆರಡು ವರ್ಷದಿಂದ ನೀನು ನನಗೆ ಒಂದು ಬಾಟಲ್ ಓಪನರ್ ಕೂಡ ನಂಬಿ ಕೊಟ್ಟಿಲ್ಲ."

"ಅದಕ್ಕೇ ನಿನಗೆ ಕೊಟ್ಟೆ. ನೀನು ಜಿಪುಣ. ಕೊಟ್ಟಿದ್ದನ್ನ ವಾಪಸ್ ಕೊಡಲ್ಲ."

ಹ್ಯಾಲ್ ಬೀಗದ ಕೈಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಗುಂಡಿ ಹಾಕುತ್ತಾರೆ. ವರ್ನ್ ಅವರ ಬಲಗೈ ಎರಡು ಸಲ ಕೊರಳಿಗೆ ಹೋಗಿ, ಅಲ್ಲಿ ಏನೂ ಸಿಗದೆ ಕೆಳಗಿಳಿಯುತ್ತದೆ.

ನೀವು ಇದನ್ನು ಓದುವ ಹೊತ್ತಿಗೆ ಬಸ್ಸು ಸ್ಟಾರ್ಕ್ ಪಾಸ್ ತಲುಪಿ, ಐವತ್ತೆಂಟು ಹುಡುಗರು ಬಂದು ಗಾಳಿ ಬಿಡಿ ಎಂದು ಕೇಳಿಯೂ ಆಗಿರುತ್ತದೆ. ಶನಿವಾರದ ಬಗ್ಗೆ ಏನು ಆಸೆ ಎಂದು ಕೇಳಿದರೆ ವರ್ನ್ ಅಂಕ ಹೇಳುವುದಿಲ್ಲ, ಗೆಲುವಿನ ಮಾತೂ ಆಡುವುದಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹೀಗೆನ್ನುತ್ತಾರೆ.

"ಸ್ಟಾರ್ಕ್ ಪಾಸ್‌ನವರದ್ದು ಹಳದಿ ಬಣ್ಣ. ಹೋದ ವರ್ಷ ಡಾಸನ್ ಹೆಲ್ಮೆಟ್ ಮೇಲೆ ಆ ಕೊನೇ ಪೆಟ್ಟಿಂದು ಒಂದು ಚೂರೂ ಹಳದಿ ಇರ್ಲಿಲ್ಲ, ಯಾಕಂದ್ರೆ ಪೆಟ್ಟು ಬೀಳೋವಾಗ ಅದು ಅವನ ತಲೆ ಮೇಲೇ ಇರ್ಲಿಲ್ಲ. ಈ ಭಾನುವಾರ ಅದರ ತುಂಬ ಹಳದಿ ಇರಬೇಕು. ಎಷ್ಟಾದ್ರೂ ಇರ್ಲಿ. ನಾನು ಕೂತ್ಕೊಂಡು ಉಜ್ತೀನಿ."